ಕೆಟ್ಟ ಮೊಗ್ಗಿಗೊಂದು ಬಟ್ಟಲು

ಆ ವರ್ಷ ಚಳಿಗಾಲದಲ್ಲಿ ಹಲಗೇರಿ ಹತ್ತಿರದ, ಬಲೆ ಹೊದಿಸಿದ ಒಂದು ನೆಟ್‌ಹೌಸ್ ನನ್ನ ಪಾಲಿಗೆ ಬಂತು. ಪಾಲಿಗೆ ಬಂತು ಅಂದರೆ, ಹೊಲ ರೈತನದು, ಗಿಡ ಬೀಜದ ಕಂಪನಿಯದು, ಎರಡೂ ಕಡೆಯಿಂದ ಬೈಸಿಕೊಳ್ಳುವ ಹಕ್ಕು ಮಾತ್ರ ನನ್ನದು. ನಾನು ಕಂಪನಿಯ ಹಾವೇರಿ ಕಚೇರಿಗೆ ಸೇರಿದ ಮೇಲ್ವಿಚಾರಕಿ. ಬೆಳಿಗ್ಗೆ ರಾಣೆಬೆನ್ನೂರಿನ ಮನೆಯಿಂದ ಸ್ಕೂಟಿ ಹತ್ತಿದರೆ ಸಂಜೆಯವರೆಗೆ ಆ ಬಲೆಯೊಳಗೇ ವಾಸ. ತವರು ಬ್ಯಾಡಗಿ. ಮೆಣಸಿನಕಾಯಿ ಪೇಟೆಯ ಪಕ್ಕದಲ್ಲಿ ಬೆಳೆದವಳಾದ್ದರಿಂದ ಖಾರ ನೇರವಾಗಿ ನಾಲಿಗೆಗೇ ಇಳಿದಿದೆ ಎಂದು ನನ್ನ ಗಂಡ ಹೇಳುವುದುಂಟು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದುಕೊಂಡಿದ್ದೇನೆ.

ಹೈಬ್ರಿಡ್ ಮೆಣಸಿನ ಬೀಜ ಗಿಡದಲ್ಲಿ ತಾನಾಗಿ ಆಗುವುದಿಲ್ಲ, ಕೈಯಿಂದ ಮಾಡಬೇಕು. ಮೆಣಸಿನ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇರುತ್ತವೆ. ನಾಳೆ ಅರಳಲಿರುವ ಮೊಗ್ಗನ್ನು ಇವತ್ತು ಮಧ್ಯಾಹ್ನವೇ ಗುರುತು ಹಿಡಿದು, ಚಿಮಟದಿಂದ ಎಸಳು ಬಿಡಿಸಿ, ಒಳಗಿನ ನೇರಳೆ ಬಣ್ಣದ ಗಂಡು ಕೇಸರಗಳನ್ನು ಒಂದೂ ಉಳಿಯದಂತೆ ಕೀಳಬೇಕು. ನಡುವಿನ ಹೆಣ್ಣು ಭಾಗಕ್ಕೆ ಚಿಮಟ ತಾಗಬಾರದು. ಮರುದಿನ ಬೆಳಿಗ್ಗೆ ಬೇರೆ ತಳಿಯ ಗಂಡು ಹೂವಿನ ಪುಡಿಯನ್ನು ಅದಕ್ಕೆ ಮುಟ್ಟಿಸಿ ತೊಟ್ಟಿಗೆ ದಾರ ಕಟ್ಟಿದರೆ ಆ ಮೊಗ್ಗಿನ ಕೆಲಸ ಮುಗಿಯಿತು. ದಾರವಿಲ್ಲದ ಕಾಯಿಯನ್ನು ಕಿತ್ತು ಎಸೆಯುತ್ತೇವೆ.

ಒಂದು ಅಪಾಯವಿದೆ. ಕೀಳುವಾಗ ಗಂಡು ಒಡೆದು ಅದರ ಪುಡಿ ಅದೇ ಹೂವಿನ ಮೇಲೆ ಬಿದ್ದರೆ ಆ ಮೊಗ್ಗು ಕೆಟ್ಟಂತೆ. ಅದರಿಂದ ಆಗುವುದು ಹೈಬ್ರಿಡ್ ಅಲ್ಲ, ತಾಯಿ ಗಿಡದ್ದೇ ಬೀಜ. ಅಂಥ ಮೊಗ್ಗನ್ನು ತೊಟ್ಟುಸಮೇತ ಚಿವುಟಿ ಕೆಳಗೆ ಹಾಕಬೇಕು. ಗಿಡದ ಬುಡಕ್ಕೆ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಹಾಳೆ ಹಾಸಿರುತ್ತೇವಾದ್ದರಿಂದ ಬಿದ್ದ ಮೊಗ್ಗು ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ.

ಹುಡುಗಿಯರು ಹನ್ನೆರಡು ಮಂದಿ. ಪಿಯುಸಿ ಮುಗಿಸಿದವರು, ಡಿಗ್ರಿಯನ್ನು ಹೊರಗಿನಿಂದ ಓದುತ್ತಿದ್ದವರು, ಮುಂದೇನೆಂದು ಗೊತ್ತಿಲ್ಲದೆ ಒಂದು ಹಂಗಾಮು ದುಡಿದು ನೋಡೋಣ ಎಂದು ಬಂದವರು. ಯಾರ ಸಾಲು ಯಾರದೆಂದು ತಿಳಿಯಲು ಒಬ್ಬೊಬ್ಬರಿಗೂ ಒಂದೊಂದು ಬಣ್ಣದ ದಾರ. ಎರಡು ದಿನ ಕಳೆಯುವುದರೊಳಗೆ ಅವರ ಹೆಸರು ಹೋಗಿ ಬಣ್ಣವೇ ಹೆಸರಾಗುತ್ತದೆ. ನಾನು ಹೇಳಬೇಕಾದದ್ದು ಹಳದಿ ಮತ್ತು ನೀಲಿಯ ಕತೆ.

ಹಳದಿ ರಾಣೆಬೆನ್ನೂರಿನ ಹುಡುಗಿ. ಬಸ್ಸಿಳಿದು ಬಂದು ಬುರ್ಖಾ ಮಡಿಚಿ ಚೀಲದಲ್ಲಿಟ್ಟು, ಅಮ್ಮಿಗೆ ಉರ್ದುವಿನಲ್ಲಿ ಫೋನು ಮಾಡಿ ಮುಟ್ಟಿದೆ ಎಂದು ಹೇಳಿ, ಚಿಮಟ ಹಿಡಿದಳೆಂದರೆ ನೋಡುತ್ತ ನಿಲ್ಲಬೇಕು, ಅಂಥ ಕೈ. ನೀಲಿ ಹಲಗೇರಿಯವಳೇ. ದಾವಣಗೆರೆಯಲ್ಲಿ ನರ್ಸಿಂಗ್ ಸೇರಿ, ರಕ್ತ ಕಂಡರೆ ತಲೆ ತಿರುಗುತ್ತದೆಂದು ಅರ್ಧಕ್ಕೇ ಬಿಟ್ಟು ಬಂದಿದ್ದಳು. ಅಂದಿನಿಂದ ಮನೆಯಲ್ಲಿ ಅವಳ ಅಣ್ಣನದು ಒಂದೇ ಮಾತಂತೆ, ಇವಳ ಕೈಯಿಂದ ಏನೂ ಆಗುವುದಿಲ್ಲ ಎಂದು. ಅವಳ ಕೈ ನಿಧಾನ. ಚಿಮಟ ಹಿಡಿದರೆ ಉಸಿರನ್ನೂ ಹಿಡಿಯುತ್ತಿದ್ದಳು.

ಇಂಥ ಗುಂಪನ್ನು ನಡೆಸುವುದಕ್ಕೆ ನನ್ನದೇ ಒಂದು ಪದ್ಧತಿ ಇತ್ತು. ಮಧ್ಯಾಹ್ನದ ಚಹಾಕ್ಕೆ ಮೊದಲು ಸಾಲುಗಳ ನಡುವೆ ಓಡಾಡಿ ಕೆಳಗಿನ ಹಾಳೆಯನ್ನು ನೋಡುವುದು. ತೊಟ್ಟುಸಮೇತ ಬಿದ್ದ ಮೊಗ್ಗು ಜಾಸ್ತಿ ಇದ್ದರೆ ಕೈ ಒರಟು, ಕಡಿಮೆ ಇದ್ದರೆ ಕೈ ಹದ. ಹಳದಿಯ ಸಾಲಿನ ಕೆಳಗೆ ಮೊದಲ ವಾರ ಅಲ್ಲೊಂದು ಇಲ್ಲೊಂದು ಇರುತ್ತಿತ್ತು, ಆಮೇಲೆ ಒಂದು ದಿನ ಅದೂ ಇರಲಿಲ್ಲ. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಎಲ್ಲರನ್ನೂ ಅವಳ ಸಾಲಿಗೆ ಕರೆದೆ.

“ನೋಡ್ರಿ ಇಲ್ಲಿ. ಕೆಳಗ ಒಂದಾದ್ರೂ ಮೊಗ್ಗು ಬಿದ್ದೈತೇನು? ಇದಕ್ಕ ಕೈ ಅಂತಾರ.”

ಆ ಸಂಜೆ ಅವಳ ಸಾಲಿನ ಫೋಟೋ ತೆಗೆದು ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ, ಚಪ್ಪಾಳೆಯ ಚಿತ್ರಗಳನ್ನು ಸಾಲಾಗಿ ಒತ್ತಿ. ಮರುದಿನವೂ ಹಾಕಿದೆ. ಆಮೇಲೆ ಅದೊಂದು ರೂಢಿಯೇ ಆಯಿತು. ಹುಡುಗರನ್ನು ಹುರಿದುಂಬಿಸಬೇಕು, ಎಲ್ಲರೆದುರಿಗೆ ಹೊಗಳಬೇಕು ಎಂದು ಕಂಪನಿಯ ತರಬೇತಿಯಲ್ಲಿ ನಮಗೆ ಹೇಳಿಕೊಟ್ಟಿದ್ದರು. ತಪ್ಪನ್ನು ಒಬ್ಬರೇ ಇದ್ದಾಗ ಹೇಳಬೇಕು ಎಂದೂ ಹೇಳಿದ್ದರು. ಅಲ್ಲಿಗೆ ಬರುವಷ್ಟರಲ್ಲಿ ನಾನು ಚಹಾಕ್ಕೆ ಎದ್ದು ಹೋಗಿದ್ದೆನೋ ಏನೋ.

ನೀಲಿಯ ಸಾಲಿನ ಕೆಳಗೆ ಮೊಗ್ಗುಗಳು ಬೀಳುತ್ತಲೇ ಇದ್ದವು. ನನ್ನ ಬಾಯಿ ಸುಮ್ಮನಿರಲಿಲ್ಲ.

“ಏನ ಬೇ, ಜಾತ್ರ್ಯಾಗ ಮಂಡಕ್ಕಿ ಚೆಲ್ಲಿದಂಗ ಚೆಲ್ಲೀದಿಯಲ್ಲ. ಆಕಿ ನೆಲ ನೋಡು, ನಿನ್ನ ನೆಲ ನೋಡು. ನಾಳಿಯಿಂದ ಕೆಳಗ ಬೀಳಸಬ್ಯಾಡ, ತಿಳೀತಿಲ್ಲೋ?”

“ಹೂನ್ರಿ ಅಕ್ಕಾರ,” ಎಂದಳು, ತಲೆ ತಗ್ಗಿಸಿ.

ಹೇಳಿದ ಹಾಗೆಯೇ ಕೆಲವೇ ದಿನಗಳಲ್ಲಿ ಅವಳ ನೆಲವೂ ಸ್ವಚ್ಛವಾಯಿತು. ನನಗೆ ನನ್ನ ಪದ್ಧತಿಯ ಮೇಲೆ ಹೆಮ್ಮೆ. ಗಂಡನ ಮುಂದೆ ರೊಟ್ಟಿ ಬಡಿಯುತ್ತ ಬಡಾಯಿ ಕೊಚ್ಚಿಕೊಂಡದ್ದೂ ಆಯಿತು. ಅವನು “ಆತು ಬಿಡು, ಖಾರ ಹತ್ತೇತಿ ಅನ್ನು” ಎಂದು ಊಟಕ್ಕೆ ಕುಳಿತ.

ಆ ವಾರದ ಕೊನೆಗೆ ಹಾವೇರಿಯಿಂದ ಗುಣಮಟ್ಟದ ಸಾಹೇಬರು ತಪಾಸಣೆಗೆ ಬಂದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಮಾತು ಕಡಿಮೆ, ಕೊರಳಲ್ಲಿ ಸದಾ ಒಂದು ಭೂತಗನ್ನಡಿ. ಪ್ರತಿ ಸಾಲಿನಲ್ಲೂ ಅಲ್ಲಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಹಿಂದಿನ ಮಧ್ಯಾಹ್ನ ಗಂಡು ತೆಗೆದ ಮೊಗ್ಗುಗಳನ್ನು ಬೆರಳ ಮೇಲೆ ತಿರುಗಿಸಿ ನೋಡುವುದು ಅವರ ಕ್ರಮ. ಹಳದಿಯ ಸಾಲು ಮುಗಿಸಿ ಸರಿ ಎಂದು ತಲೆಯಾಡಿಸಿದರು. ನೀಲಿಯ ಸಾಲಿಗೆ ಹೋದವರು ಏಳಲೇ ಇಲ್ಲ. ಒಂದು ಮೊಗ್ಗು, ಅದರ ಪಕ್ಕದ್ದು, ಮುಂದಿನ ಗಿಡದ್ದು ಎಂದು ನೋಡುತ್ತಲೇ ಹೋದರು.

“ಮೇಡಂ, ಇಲ್ಲಿ ಬರ್ರಿ,” ಎಂದು ಕನ್ನಡಿ ನನ್ನ ಕೈಗೆ ಕೊಟ್ಟರು. ಗಂಡು ಕೇಸರದ ಒಡೆದ ಚೂರು ತಳದಲ್ಲಿ ಅಂಟಿಕೊಂಡಿತ್ತು. ಪುಡಿ ಹೆಣ್ಣು ಭಾಗದ ತುದಿಗೆ ಬಿದ್ದು ಬೆಳ್ಳಗೆ ಕಾಣುತ್ತಿತ್ತು. ಅಂಥವು ಒಂದೆರಡಲ್ಲ.

ಹೊಲದ ಯಜಮಾನರು ಅಷ್ಟರಲ್ಲಿ ಪಂಪಿನ ಕಡೆಯಿಂದ ಬಂದು ನಿಂತಿದ್ದರು. ಸಾಹೇಬರು ಇಬ್ಬರಿಗೂ ಕೇಳುವಂತೆ ಹೇಳಿದರು. “ಮುಂದಿನ ವಾರ ಮತ್ತ ಬರ್ತೇನ್ರಿ. ಆವಾಗೂ ಹಿಂಗ ಇದ್ರ ಇಡೀ ಪ್ಲಾಟ್ ರದ್ದು ಮಾಡೋದ ಆಗ್ತೈತಿ. ನನ್ನ ಕೈಯಾಗ ಏನಿಲ್ಲ.”

“ಮೇಡಮ್ಮಾರ,” ಎಂದರು ಯಜಮಾನರು, “ಒಬ್ಬ ಹುಡುಗಿ ಸಲುವಾಗಿ ಇಡೀ ನೆಟ್‌ಹೌಸ ಹೋಗಬೇಕೇನ್ರಿ? ಆಕಿನ್ನ ಬಿಡಿಸಿ ಕಳಿಸ್ರಿ.”

ಕಳಿಸುವುದು ಅಂದರೆ ಏನೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಹಂಗಾಮಿನ ನಡುವೆ ಬಿಡಿಸಿದ ಹುಡುಗಿಯನ್ನು ಬೇರೆ ಪ್ಲಾಟಿನವರು ಸೇರಿಸಿಕೊಳ್ಳುವುದಿಲ್ಲ. ಸಂಜೆಯ ಬಸ್ಸಿನಲ್ಲಿ ಸುದ್ದಿ ಹತ್ತಿದರೆ ಬೆಳಗಾಗುವುದರೊಳಗೆ ಮೋಟೆಬೆನ್ನೂರಿನವರೆಗೆ ಮುಟ್ಟಿರುತ್ತದೆ. ನರ್ಸಿಂಗ್ ಬಿಟ್ಟು ಬಂದವಳು ಇಲ್ಲಿಂದಲೂ ಬಿಡಿಸಿಕೊಂಡು ಹೋದರೆ ಅವಳ ಅಣ್ಣನ ಮಾತೇ ನಿಜವೆಂದು ಊರೆಲ್ಲ ಮುದ್ರೆ ಒತ್ತುತ್ತದೆ. ಇದೆಲ್ಲ ತಿಳಿದೂ, ಸಾಹೇಬರ ಎದುರಿಗೆ ಮಾನ ಹೋಯಿತಲ್ಲ ಎಂಬ ಸಿಟ್ಟಿನಲ್ಲಿ, ನಾನು ಎಲ್ಲರೆದುರಿಗೇ ಹೇಳಿಬಿಟ್ಟೆ.

“ನಾಳಿಯಿಂದ ನೀ ಬರಬ್ಯಾಡ.”

ಅವಳು ಚಿಮಟವನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಡಬ್ಬಿಯಲ್ಲಿಟ್ಟು, ನೀಲಿ ದಾರದ ಉಂಡೆಯನ್ನು ಅದರ ಪಕ್ಕಕ್ಕಿಟ್ಟು ಹೊರಟುಹೋದಳು.

ಸಂಜೆ ಸ್ಕೂಟಿ ಚಾಲೂ ಮಾಡುತ್ತಿದ್ದಾಗ ಹಳದಿ ಬಂದು ಎದುರಿಗೆ ನಿಂತಳು.

“ಅಕ್ಕಾರ, ಒಂದು ಮಾತು ಇತ್ರಿ.”

“ಬಸ್ ಹೋಗ್ತೈತಿ ನೋಡು. ನಾಳೆ ಹೇಳು.”

“ನಾಳೆ ತನಕ ನನಗ ಧೈರ್ಯ ಇರಂಗಿಲ್ರಿ.”

ಚೀಲದಿಂದ ಊಟದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಒಳಗೆ ಬಾಡಿದ ಮೊಗ್ಗುಗಳು, ತೊಟ್ಟುಸಮೇತ, ಅರ್ಧ ಹಿಡಿಯಷ್ಟು.

“ಏನಿವು?”

“ನಾ ಕೆಡಿಸಿದ ಮೊಗ್ಗುರಿ. ಇವತ್ತಿನವು. ದಿನಾ ಮನಿಗೆ ಒಯ್ದು ಹಿತ್ತಲ ಗಟಾರಕ್ಕ ಚೆಲ್ತೇನ್ರಿ.”

ನಾನು ಸ್ಕೂಟಿ ಬಂದ್ ಮಾಡಿದೆ. ಅವಳು ಒಂದೇ ಉಸಿರಿಗೆ ಹೇಳಿದಳು. “ನೀವು ಎಲ್ಲಾರನ್ನೂ ಕರದು ನನ್ನ ನೆಲ ತೋರಿಸಿದ್ರಿ. ಫೋಟೋ ಹಾಕಿದ್ರಿ. ಅಮ್ಮಿ ಅದನ್ನ ದಾವಣಗೆರ್ಯಾಗಿರೋ ತನ್ನ ತಂಗಿ, ನಮ್ಮ ಖಾಲಾಗೂ ಕಳಿಸ್ಯಾಳ. ಮರುದಿನ ಎರಡು ಮೊಗ್ಗು ಕೆಟ್ಟವ್ರಿ. ಕೆಳಗ ಬಿಟ್ರ ನೀವು ಏನಂತೀರೋ ಅಂತ ಕಿಸೇದಾಗ ಹಾಕ್ಕೊಂಡೆ. ಒಮ್ಮೆ ಹಾಕ್ಕೊಂಡ ಮ್ಯಾಲ ಬಿಡಾಕ ಆಗ್ಲಿಲ್ರಿ. ಬೈಸ್ಕೊಂಡೋರು ಒಂದಿನ ಅತ್ತು ಸುಮ್ಮನಾಗ್ತಾರ್ರಿ ಅಕ್ಕಾರ. ಹೊಗಳಿಸ್ಕೊಂಡೋರು ದಿನಾ ಅಂಜಬೇಕು.”

ಬಸ್ಸಿನ ಹಾರ್ನು ಕೇಳಿಸಿತು. ಅವಳು ಕದಲಲಿಲ್ಲ.

“ನನ್ನ ನೆಲ ಎಲ್ಲಾರಂಗ ಇದ್ದಿದ್ರ ನೀವು ಆಕಿಗೆ ಅಷ್ಟು ಅಂತಿದ್ದಿಲ್ರಿ. ಕಳಿಸೋದಿದ್ರ ನನ್ನ ಕಳಿಸ್ರಿ.”

ಮೊದಲು ಬಂದದ್ದು ಸಿಟ್ಟು. ಇಷ್ಟು ದಿನ ನನ್ನನ್ನು ಮಂಗ ಮಾಡಿದಳಲ್ಲ ಎಂದು. ಆಮೇಲೆ ಆ ಡಬ್ಬಿಯನ್ನೇ ನೋಡುತ್ತ ನಿಂತಾಗ ಬೇರೆಯದು ಹೊಳೆಯಿತು. ನಾನೂ ಮದುವೆಗೆ ಮೊದಲು ಇದೇ ಕೆಲಸ ಮಾಡಿದವಳು. ಎಂಥ ಪಳಗಿದ ಕೈಯಾದರೂ ದಿನಕ್ಕೆ ಒಂದಷ್ಟು ಮೊಗ್ಗು ಕೆಡುತ್ತವೆ, ಗಾಳಿ ಒಣಗಿದ್ದರೆ ಇನ್ನೂ ಜಾಸ್ತಿ. ದಿನದಿನವೂ ಕೆಳಗೆ ಏನೂ ಬೀಳದ ಸಾಲು ಇರಲು ಸಾಧ್ಯವೇ ಇಲ್ಲ. ಇದು ನನಗೆ ಗೊತ್ತಿತ್ತು. ಫೋಟೋ ಚೆನ್ನಾಗಿ ಬರುತ್ತಿತ್ತಾದ್ದರಿಂದ ನಾನು ಅದನ್ನು ನೆನಪಿಗೆ ತಂದುಕೊಂಡಿರಲಿಲ್ಲ.

ಹಳದಿಯನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಊರೊಳಗೆ ನೀಲಿಯ ಮನೆಗೆ ಹೋದೆ. ಅವಳ ತಾಯಿ ಬಾಗಿಲಲ್ಲೇ ಕೈಮುಗಿದರು.

“ಬರ್ರಿ ಅಕ್ಕಾರ, ಕುಂದರ್ರಿ. ಬೇಕಾದ್ರ ಬೈರಿ, ಎರಡು ಬಡೀರಿ, ನಾವು ಏನೂ ಅನ್ನಂಗಿಲ್ಲ. ಕೆಲಸಕ್ಕ ಮಾತ್ರ ಬ್ಯಾಡ ಅನಬ್ಯಾಡ್ರಿ.”

ಮಕ್ಕಳನ್ನು ಶಾಲೆಗೆ ಬಿಡುವಾಗ ನಮ್ಮ ಕಡೆಯ ತಾಯಂದಿರು ಮಾಸ್ತರಿಗೆ ಹೇಳುವ ಮಾತು ಇದೇ. ನಂಬಿಕೆಯಿಂದ ಹೇಳುತ್ತಾರೆ. ನಾವು ಬೈಯುವ ಭಾಗವನ್ನಷ್ಟೇ ಕೇಳಿಸಿಕೊಳ್ಳುತ್ತೇವೆ. ನಾನು ಕುಳಿತೆ. ನೀಲಿ ಒಳಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದಳು.

“ಗಂಡು ಒಡದಿದ್ದು ನಿನಗ ಗೊತ್ತಾಗ್ತಿತ್ತೋ ಇಲ್ಲೋ?” ಎಂದು ಕೇಳಿದೆ.

“ಗೊತ್ತಾಗ್ತಿತ್ರಿ.”

“ಮತ್ತ ಯಾಕ ಚಿವುಟಲಿಲ್ಲ?”

“ಕೆಳಗ ಬೀಳಸಬ್ಯಾಡ ಅಂತ ನೀವ ಹೇಳಿದ್ರೆಲ್ರಿ. ಬೀಳಸಲಿಲ್ರಿ.”

ಅದರಲ್ಲಿ ಚುಚ್ಚು ಇರಲಿಲ್ಲ. ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡಿದ್ದೇನೆ ಎಂಬ ವರದಿ ಅದು. ಅವಳೇ ಮುಂದುವರಿಸಿದಳು.

“ಒಡದಿದ್ದಕ್ಕೆಲ್ಲಾ ಎರಡು ಗಂಟು ಹಾಕೇನ್ರಿ. ಛಲೋ ಇದ್ದದ್ದಕ್ಕ ಒಂದ.”

“ಎದಕ್ಕ?”

“ಯಾರಾರ ಕೇಳಿದ್ರ ತೋರಸಬೇಕಲ್ರಿ. ಯಾರೂ ಕೇಳಲಿಲ್ಲ.”

ಹಳದಿ ನನ್ನ ಪಕ್ಕದಲ್ಲಿ ಓಢಣಿಯಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ನೀಲಿಯ ತಾಯಿ ಏನೂ ಅರ್ಥವಾಗದೆ ಚಹಾ ತಂದರು, ಕುಡಿದೆವು. ನಾಳೆ ಹೊತ್ತಿಗೆ ಸರಿಯಾಗಿ ಬಾ ಎಂದು ಹೇಳಿ ಎದ್ದೆ.

ಮನೆಗೆ ಬಂದ ಮೇಲೆ ತಲೆಬಿಸಿ ಶುರುವಾಯಿತು. ಮೆಣಸಿನಕಾಯಿಯನ್ನು ಹೊರಗಿನಿಂದ ನೋಡಿ ಒಳಗಿನ ಬೀಜ ಹೈಬ್ರಿಡ್ಡೋ ತಾಯಿಯದೋ ಎಂದು ಹೇಳಲು ಬರುವುದಿಲ್ಲ. ನೀಲಿಯ ಆ ದಿನಗಳ ಕಾಯಿಗಳನ್ನೆಲ್ಲ ಕಿತ್ತು ಹಾಕುವುದು ಸುರಕ್ಷಿತ ದಾರಿ. ಹಾಗೆ ಮಾಡಿದರೆ ಯಜಮಾನರಿಗೆ ನಷ್ಟ, ಮತ್ತು ಆ ಹುಡುಗಿಗೆ ನಿನ್ನ ಗಂಟನ್ನು ನಾನು ನಂಬುವುದಿಲ್ಲ ಎಂದು ಹೇಳಿದಂತೆ. ನಂಬಿ, ಎರಡು ಗಂಟಿನವನ್ನಷ್ಟೇ ತೆಗೆದರೆ, ಅವಳ ಕಣ್ಣು ತಪ್ಪಿದ್ದಲ್ಲಿ ಪ್ಲಾಟಿನ ಬೀಜವೆಲ್ಲ ಕಚೇರಿಯ ಪರೀಕ್ಷೆಯಲ್ಲಿ ಬೀಳುತ್ತದೆ.

ಮರುದಿನ ಬೆಳಿಗ್ಗೆ ಮೊದಲು ಅವಳ ಕಣ್ಣನ್ನು ಪರೀಕ್ಷಿಸಿದೆ. ಬೇರೆ ಬೇರೆ ಸಾಲುಗಳಿಂದ ಗಂಡು ತೆಗೆದ ಮೊಗ್ಗುಗಳನ್ನು ಒಂದು ತಟ್ಟೆಯಲ್ಲಿ ಕಲೆಸಿ ಅವಳ ಮುಂದಿಟ್ಟು, ಕೆಟ್ಟವನ್ನು ಬೇರೆ ಮಾಡು ಎಂದೆ. ಬರಿಗಣ್ಣಿನಿಂದ ಒಂದೊಂದನ್ನೇ ತಿರುಗಿಸಿ ನೋಡಿ ಎರಡು ಗುಂಪು ಮಾಡಿದಳು. ನಾನು ಚಾಳೀಸು ಕನ್ನಡಕ ಹಾಕಿಕೊಂಡು ನನ್ನ ಭೂತಗನ್ನಡಿ ಹಿಡಿದು ಕುಳಿತೆ. ಕೆಟ್ಟ ಗುಂಪಿಗೆ ಒಂದು ಒಳ್ಳೆಯದನ್ನೂ ಸೇರಿಸಿದ್ದಳು, ಅನುಮಾನ ಬಂದದ್ದಕ್ಕೆ. ಒಳ್ಳೆಯ ಗುಂಪಿನಲ್ಲಿ ಕೆಟ್ಟದ್ದು ನನಗೆ ಒಂದೂ ಸಿಗಲಿಲ್ಲ. ಅವಳ ಕೈ ನಿಧಾನವಿದ್ದದ್ದು ಕಣ್ಣು ಚುರುಕಾಗಿದ್ದರಿಂದಲೇ ಎಂದು ಆಗ ತಿಳಿಯಿತು.

ಹಾವೇರಿಗೆ ಫೋನು ಮಾಡಿ ಸಾಹೇಬರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ, ಫೋಟೋ, ಡಬ್ಬಿ, ಗಂಟು ಎಲ್ಲ.

“ಎಲ್ಲಾ ಕಿತ್ತ ಬಿಡೋದು ಛಲೋ ಅನಸ್ತೈತ್ರಿ ಮೇಡಂ.”

“ಎರಡು ಗಂಟಿನವು ಅಷ್ಟ ಕೀಳ್ತೇನ್ರಿ. ಉಳದಿದ್ದಕ್ಕ ನಾ ಜವಾಬ್ದಾರಿ.”

“ಹಂಗಾದ್ರ ನೀಲಿ ದಾರದ ಹಣ್ಣು ಬ್ಯಾರೇನ ಕೊಯ್ಯಬೇಕು, ಬ್ಯಾರೇ ಚೀಲಕ್ಕ ಹಾಕಬೇಕು. ಪರೀಕ್ಷಾನೂ ಬ್ಯಾರೇನ ಆಗ್ತೈತಿ. ಫೇಲಾದ್ರ ನಿಮ್ಮ ಮ್ಯಾಲ ಬರ್ತೈತಿ ನೋಡ್ರಿ.”

ಒಪ್ಪಿಕೊಂಡೆ. ಯಜಮಾನರು ಮುಖ ಗಂಟಿಕ್ಕಿಕೊಂಡು ಪಂಪಿನ ಕಡೆ ಹೋದರು. ಎರಡು ಗಂಟಿನ ಕಾಯಿಗಳನ್ನು ನಾನು, ಹಳದಿ, ನೀಲಿ ಮೂವರೂ ಕುಳಿತು ಕಿತ್ತೆವು.

ಆಮೇಲೆ ಹೊಸ ಪದ್ಧತಿ. ಪುಡಿ ಹಿಡಿಯುವ ಸಣ್ಣ ಪ್ಲಾಸ್ಟಿಕ್ ಬಟ್ಟಲನ್ನು ಎಲ್ಲರಿಗೂ ಒಂದೊಂದು ಕೊಟ್ಟೆ. ಕೆಟ್ಟ ಮೊಗ್ಗನ್ನು ಇದರಲ್ಲಿ ಹಾಕಿ, ಚಹಾದ ಹೊತ್ತಿಗೆ ನನ್ನ ಹತ್ತಿರ ತನ್ನಿ, ಯಾರನ್ನೂ ಬೈಯುವುದಿಲ್ಲ ಎಂದೆ. ಬೈಯುವುದಿಲ್ಲ ಎಂದು ನಾನು ಹೇಳಿದರೆ ಯಾರು ನಂಬುತ್ತಾರೆ? ಮೊದಲ ದಿನ ಬಟ್ಟಲುಗಳೆಲ್ಲ ತೊಳೆದಿಟ್ಟ ಹಾಗೆ ಬಂದವು. ಎರಡನೆಯ ದಿನವೂ ಅಷ್ಟೆ, ಹಳದಿಯದು ಮತ್ತು ನೀಲಿಯದು ಬಿಟ್ಟರೆ.

ಮೂರನೆಯ ದಿನ ನಾನೇ ಒಂದು ಚಿಮಟ ಹಿಡಿದು ಅವರ ನಡುವೆ ಒಂದು ಸಾಲು ಹಿಡಿದು ಕುಳಿತೆ. ಎಷ್ಟೋ ವರ್ಷಗಳ ನಂತರ ಕೈ ಹಚ್ಚಿದ್ದು. ಚಾಳೀಸು ಬೆವರಿಗೆ ಜಾರುತ್ತಿತ್ತು, ಬೆನ್ನು ಹಿಡಿದುಕೊಂಡಿತು, ಮೊಗ್ಗು ಒಂದಾದ ಮೇಲೊಂದು ಕೆಟ್ಟವು. ಚಹಾದ ಹೊತ್ತಿಗೆ ನನ್ನ ಬಟ್ಟಲು ತುಂಬಿ ಚೆಲ್ಲುತ್ತಿತ್ತು. ಹುಡುಗಿಯರು ಮೊದಲು ಓಢಣಿಯ ಮರೆಯಲ್ಲಿ ನಕ್ಕರು, ಆಮೇಲೆ ಬಹಿರಂಗವಾಗಿಯೇ ನಕ್ಕರು.

“ಅಕ್ಕಾರ, ನಿಮ್ಮನ್ನ ಯಾರ್ರಿ ಕೆಲಸಕ್ಕ ಇಟ್ಕೊಂಡೋರು?” ಎಂದಳು ಕೆಂಪು ದಾರದವಳು.

“ನಿಮ್ಮ ಕಾಲಾಗ ನೆಲದ ತುಂಬ ಮಂಡಕ್ಕಿ ಇರ್ತಿತ್ತೇನ್ರಿ?” ಎಂದು ಇನ್ನೊಬ್ಬಳು ಸೇರಿಸಿದಳು. ಮಂಡಕ್ಕಿಯ ಮಾತು ಯಾರೂ ಮರೆತಿರಲಿಲ್ಲ. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ಅಂದಿನಿಂದ ಬಟ್ಟಲುಗಳಲ್ಲಿ ಮೊಗ್ಗು ಬೀಳತೊಡಗಿದವು. ಅದರಲ್ಲೂ ಒಂದು ಎಡವಟ್ಟು. ತುಂಬಿದ ಬಟ್ಟಲು ಕಂಡರೆ ಅಕ್ಕಾರಿಗೆ ಖುಷಿ ಎಂದು ತಿಳಿದ ಕೆಂಪು ದಾರದವಳು ಒಳ್ಳೆಯ ಮೊಗ್ಗುಗಳನ್ನೂ ಚಿವುಟಿ ಬಟ್ಟಲು ತುಂಬಿಸಿ ತಂದಳು. ತಲೆ ತಲೆ ಚಚ್ಚಿಕೊಂಡೆ. ಹುಡುಗರು ಎಷ್ಟು ಬೇಗ ನಮ್ಮ ಮುಖ ಓದುತ್ತಾರೆ, ಏನನ್ನು ಮೆಚ್ಚುತ್ತೇವೋ ಅದನ್ನೇ ಎಷ್ಟು ಬೇಗ ತಯಾರಿಸಿ ಕೊಡುತ್ತಾರೆ! ಅಂದಿನಿಂದ ಬಟ್ಟಲು ಎಷ್ಟು ತುಂಬಿದೆ ಎಂದು ನೋಡುವುದನ್ನು ಬಿಟ್ಟೆ. ಒಬ್ಬೊಬ್ಬರನ್ನೇ ಅವರ ಸಾಲಿನಲ್ಲೇ ಕೂರಿಸಿಕೊಂಡು, ಬಟ್ಟಲಿನ ಎರಡು ಮೂರು ಮೊಗ್ಗು ತೆಗೆದು, ಇದು ಹೇಗೆ ಕೆಟ್ಟಿತು ಎಂದು ಇಬ್ಬರೂ ನೋಡುವುದು. ಚಿಮಟ ಆಳಕ್ಕೆ ಹೋಗಿದೆಯೋ, ಮೊಗ್ಗು ಬಲಿತದ್ದೋ, ಗಿಡವೇ ಒಣಗಿದೆಯೋ. ಆ ಹುಡುಗಿ ಹೇಗೆ ಎಂಬ ಮಾತೇ ಅಲ್ಲಿ ಬರುತ್ತಿರಲಿಲ್ಲ, ಮೊಗ್ಗು ಹೇಗೆ ಎಂಬುದಷ್ಟೇ.

ಹೊಗಳುವುದನ್ನು ಮಾತ್ರ ನಾನು ಹೆದರಿ ಪೂರ್ತಿ ನಿಲ್ಲಿಸಿಬಿಟ್ಟಿದ್ದೆ. ಗುಂಪಿಗೆ ಫೋಟೋ ಇಲ್ಲ, ಬಾಯಿಂದ ಒಂದು ಒಳ್ಳೆಯ ಮಾತಿಲ್ಲ. ಕೆಲವೇ ದಿನಗಳಲ್ಲಿ ನೆಟ್‌ಹೌಸಿನಲ್ಲಿ ಲವಲವಿಕೆಯೇ ಇಲ್ಲದಂತಾಯಿತು. ಹಳದಿಯ ಕೈ ಕೂಡ ನಿಧಾನವಾಯಿತು. ಕೊನೆಗೆ ಅವಳೇ ಕೇಳಿದಳು.

“ಅಕ್ಕಾರ, ನನ್ನ ಮ್ಯಾಲ ಇನ್ನೂ ಸಿಟ್ಟೈತೇನ್ರಿ?”

“ಇಲ್ಲವಾ. ಹೊಗಳಿದ್ರ ಅಂಜಿಕಿ ಬರ್ತೈತಿ ಅಂದಿ, ಅದಕ್ಕ ಸುಮ್ಮನದೇನಿ.”

“ಹಂಗಂತ ಊಟಾನ ಬಂದ್ ಮಾಡಿದ್ರ ಹೆಂಗ್ರಿ?” ಎಂದು ಅವಳು ನಕ್ಕಳು. “ನಾ ಶಾಣ್ಯಾಕಿ ಅನಬ್ಯಾಡ್ರಿ. ಏನು ಬರೋಬ್ಬರಿ ಮಾಡೇನಿ ಅದನ್ನ ಹೇಳ್ರಿ. ಅದನ್ನ ನಾಳೆ ಮತ್ತ ಮಾಡಾಕ ಬರ್ತೈತಿ.”

ಅವಳ ಸಾಲಿಗೆ ಹೋಗಿ ಕನ್ನಡಿ ಹಿಡಿದು ನೋಡಿದೆ. ಎಸಳನ್ನು ಒಂದೇ ಕಡೆಯಿಂದ ಸೀಳಿ, ಗಂಡು ಕೇಸರಗಳನ್ನು ಬುಡದಲ್ಲೇ ಹಿಡಿದು ಎತ್ತಿದ್ದಳು, ಮೇಲಿಂದ ಒತ್ತಿರಲಿಲ್ಲ. ಅದನ್ನೇ ಹೇಳಿದೆ. ಅವಳ ಮುಖ ಅರಳಿತು, ಮತ್ತು ಅಂದು ಅವಳ ಬಟ್ಟಲಿನಲ್ಲಿ ಎಂದಿನಷ್ಟೇ ಕೆಟ್ಟ ಮೊಗ್ಗುಗಳೂ ಇದ್ದವು. ನೀಲಿಗೂ ಹಾಗೆಯೇ, ಮೊಗ್ಗು ಆರಿಸುವುದರಲ್ಲಿ ನೀನು ಅವಸರ ಮಾಡುವುದಿಲ್ಲ, ನಾಳೆ ಅರಳುವುದನ್ನೇ ಹಿಡಿಯುತ್ತೀ ಎಂದೆ. ಅವಳು ನನ್ನ ಮಾತನ್ನು ಪರೀಕ್ಷಿಸುವವಳ ಹಾಗೆ ಆ ಮೊಗ್ಗನ್ನು ಮತ್ತೊಮ್ಮೆ ನೋಡಿದಳು. ನನ್ನ ನಾಲಿಗೆ ಪೂರ್ತಿ ಸುಧಾರಿಸಿತು ಎಂದೇನೂ ಹೇಳಲಾರೆ. ಅದು ಎರಡು ಸಲ ಜಾರಿತು, ಎರಡೂ ಸಲ ಹಳದಿ ದೂರದಿಂದ ಕೆಮ್ಮಿದಳು.

ಸಾಹೇಬರ ಎರಡನೆಯ ತಪಾಸಣೆ ಸುಗಮವಾಗಿ ಮುಗಿಯಿತು. ಎಲ್ಲರ ಸಾಲಿನಲ್ಲೂ ಅಲ್ಲೊಂದು ಇಲ್ಲೊಂದು ಸಿಕ್ಕವು, ಮಿತಿಯೊಳಗೇ. ಪ್ಲಾಟು ಉಳಿಯಿತು. ಹಣ್ಣಾದ ಮೇಲೆ ಕೊಯ್ದು, ಬೀಜ ತೆಗೆದು, ಒಣಗಿಸಿ ಕಳಿಸಿದೆವು. ನೀಲಿ ದಾರದ ಬೀಜ ಒಪ್ಪಂದದಂತೆ ಬೇರೆ ಚೀಲದಲ್ಲಿ ಹೋಯಿತು. ಹುಡುಗಿಯರು ತಮ್ಮ ತಮ್ಮ ಪರೀಕ್ಷೆ, ಮದುವೆ, ಮನೆಗೆಲಸಗಳಿಗೆ ಚದುರಿದರು.

ಬೀಜ ಶುದ್ಧವೋ ಅಲ್ಲವೋ ಎಂದು ತಿಳಿಯಲು ಕಂಪನಿಯವರು ಅದನ್ನು ಬಿತ್ತಿ ಗಿಡ ಬೆಳೆಸಿ ನೋಡುತ್ತಾರೆ. ನಮ್ಮ ಈ ತಳಿಯಲ್ಲಿ ಗುರುತು ಸುಲಭ. ಹೈಬ್ರಿಡ್ ಗಿಡದ ಕಾಯಿ ಕೆಳಮುಖವಾಗಿ ಜೋತುಬೀಳುತ್ತದೆ, ತಾಯಿ ಗಿಡದ ಕಾಯಿ ಆಕಾಶ ನೋಡುತ್ತ ನಿಲ್ಲುತ್ತದೆ. ಅಲ್ಲಿಯವರೆಗೆ ಕಾಯಬೇಕು. ಆ ತಿಂಗಳುಗಳಲ್ಲಿ ಕಚೇರಿಯಿಂದ ಫೋನು ಬಂದರೆ ಸಾಕು, ಕೈಯಲ್ಲಿದ್ದುದನ್ನು ಬಿಟ್ಟು ಓಡುತ್ತಿದ್ದೆ. ಸಾಹೇಬರು ಒಂದು ಬೆಳಿಗ್ಗೆ ಫೋನು ಮಾಡಿ, ಇಡೀ ಪ್ಲಾಟು ಪಾಸು, ನೀಲಿ ಚೀಲವೂ ಪಾಸು ಎಂದಾಗ ನಾನು ಒಲೆಯ ಮೇಲಿನ ಹಾಲನ್ನು ಮರೆತು ನಿಂತಿದ್ದೆ.

ಕೂಡಲೇ ನೀಲಿಗೆ ಫೋನು ಹಚ್ಚಿದೆ.

“ಪಾಸಾತವಾ ನಿನ್ನ ಚೀಲ!”

ಆ ಕಡೆ ಕಿರುಚಾಟ ಕೇಳಿಸುತ್ತದೆಂದುಕೊಂಡಿದ್ದೆ. ಮೊದಲು ದೀರ್ಘವಾದ ಒಂದು ಉಸಿರು ಕೇಳಿಸಿತು, ಆಮೇಲೆ “ಅಣ್ಣಾ, ಪಾಸಾತು!” ಎಂದು ಅವಳು ಒಳಗಿದ್ದ ಅಣ್ಣನಿಗೆ ಕೂಗಿದ್ದು. ಮತ್ತೆ ಫೋನಿಗೆ ಬಂದಳು.

“ಅಕ್ಕಾರ, ನನ್ನ ಚೀಲದಾಗ ತಪ್ಪಿದ್ದು ಸಿಕ್ಕಾವೇನ್ರಿ?”

“ಸಿಕ್ಕಾವ, ಸ್ವಲ್ಪ. ಅಷ್ಟು ಇರತಾವ, ನಡೀತೈತಿ.”

“ಆ ಗಿಡ ನೋಡಬೇಕಾಗಿತ್ರಿ.”

ಮರುದಿನ ರಾಣೆಬೆನ್ನೂರಿನಿಂದ ನಾವು ಮೂವರೂ ಹಾವೇರಿ ಬಸ್ಸು ಹತ್ತಿದೆವು. ಹಳದಿ ತಾನೂ ಬರುತ್ತೇನೆಂದು ಹಟ ಹಿಡಿದಿದ್ದಳು. ಕಚೇರಿಯ ಹಿಂದಿನ ಹೊಲದಲ್ಲಿ ಸಾಹೇಬರು ನಮ್ಮನ್ನು ಕರೆದುಕೊಂಡು ಹೋದರು. ನೀಲಿ ಚೀಲದ ಸಾಲುಗಳಲ್ಲಿ ಕಾಯಿಗಳು ಸಾಲುದ್ದಕ್ಕೂ ಕೆಳಗೆ ಜೋತುಬಿದ್ದಿದ್ದವು. ನಡುನಡುವೆ ಎಲ್ಲೋ ಒಂದು ಗಿಡ, ಕಾಯಿಗಳನ್ನು ಮೇಲಕ್ಕೆತ್ತಿ ನಿಂತಿತ್ತು. ಅಂಥ ಒಂದರ ಮುಂದೆ ನೀಲಿ ಕುಕ್ಕರಿಸಿ ಕುಳಿತಳು. ಕಾಯಿಯನ್ನು ಬೆರಳಿನಿಂದ ಕೆಳಗೆ ಬಾಗಿಸಿದಳು, ಬಿಟ್ಟಾಗ ಅದು ಮತ್ತೆ ಮೇಲೆ ಹೋಯಿತು. ಹಳದಿ ಅವಳ ಪಕ್ಕದಲ್ಲಿ ಕುಳಿತಳು.

ಸಾಹೇಬರಿಗೆ ಅವಳನ್ನು ನೋಡಿ ಕನಿಕರ ಬಂದಿರಬೇಕು. “ಬಿಡವಾ, ಮನಸಿಗೆ ಹಚ್ಕೋಬ್ಯಾಡ,” ಎಂದರು. “ಮಿತಿಯೊಳಗ ಐತಿ. ಭಾಳ ಛಲೋ ಮಾಡೀದಿ.”

ನೀಲಿ ತಲೆಯೆತ್ತಿದಳು. ಮುಖದಲ್ಲಿ ಅಂಜಿಕೆಯ ಸುಳಿವೂ ಇರಲಿಲ್ಲ.

“ಬಿಡಬ್ಯಾಡ್ರಿ ಸರ್,” ಎಂದಳು. “ಈ ಗಿಡದ ಬೀಜ ಆದ ಮೊಗ್ಗಿಗೆ ನಾ ಒಂದ ಗಂಟು ಹಾಕಿದ್ದೆ. ಛಲೋ ಐತಿ ಅಂತ ತಿಳದಿದ್ದೆ. ಎಲ್ಲಿ ತಪ್ಪಿದೆ, ತೋರಸ್ರಿ.”

ಸಾಹೇಬರು ನನ್ನ ಮುಖ ನೋಡಿದರು. ಆಮೇಲೆ ಪ್ಯಾಂಟಿನ ಮೊಣಕಾಲು ಮೇಲಕ್ಕೆಳೆದುಕೊಂಡು ಅವರಿಬ್ಬರ ನಡುವೆ ಕುಳಿತು, ಕೊರಳಿನ ಕನ್ನಡಿ ಬಿಚ್ಚಿ ಅವಳ ಕೈಗೆ ಕೊಟ್ಟರು.